ಮಕ್ಕಳ ಆಂಟಿಬಯಾಟಿಕ್ ಸಿರಪ್: ನೀರು ಹಾಕೋ ಕಡೆನೇ ಎಲ್ರೂ ಎಡವೋದು

ಮಗುಗೆ ಕಿವಿ ಸೋರೋದೋ ಗಂಟಲಲ್ಲಿ ಕೀವೋ ಆಗಿ ಡಾಕ್ಟ್ರು ಆಂಟಿಬಯಾಟಿಕ್ ಬರೆದ್ರೆ, ಮೆಡಿಕಲ್ ಶಾಪಲ್ಲಿ ನಿಮ್ ಕೈಗೆ ಬರೋದು ಸುಮಾರು ಸಲ ಸಿರಪ್ಪೇ ಅಲ್ಲ, ತಳದಲ್ಲಿ ಒಂದಿಷ್ಟು ಪೌಡರ್ ಇರೋ ಬಾಟಲಿ. ಅಜಿತ್ರೊಮೈಸಿನ್ ಥರದ್ದು ಕೆಲವು ರೆಡಿಯಾಗೇ ಬರ್ತವೆ, ಆದ್ರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫಿಕ್ಸಿಮ್ ಇವೆಲ್ಲ ಡ್ರೈ ಸಿರಪ್, ನೀರು ನೀವೇ ಹಾಕಿ ಕಲಸ್ಬೇಕು, ಅಂದ್ರೆ ಕೊನೇ ಹಂತದ ಕಾಂಪೌಂಡರ್ ಕೆಲಸ ನಿಮ್ದೇ. ಕೌಂಟರ್ ಹಿಂದೆ ನಿಂತು ಔಷಧಿ ಕೊಡೋನಾಗಿ ನಾನು ಹೇಳೋದು ಇಷ್ಟೇ, "ಔಷಧಿ ಹಿಡೀಲಿಲ್ಲ ಸಾರ್" ಅಂತ ಬರೋರ ಬಾಟಲಿ ಒಂದ್ಸಲ ತರಿಸಿ ನೋಡಿ, ನೀರು ಬಾಟಲಿ ಮೇಲೆ ಗುರುತು ಮಾಡಿರೋ ಗೆರೆಯಿಂದ ಎಲ್ಲೋ ಮೇಲಿರುತ್ತೆ ಇಲ್ಲಾ ಎಲ್ಲೋ ಕೆಳಗಿರುತ್ತೆ.

1. ಅಂಗಡಿಯಲ್ಲೇ ಚೀಟಿ ಜೊತೆ ಬಾಟಲಿ ತಾಳೆ ನೋಡಿ

ಹೆಸರೊಂದೇ ಅಲ್ಲ, ಸ್ಟ್ರೆಂತ್ ನೋಡಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಲ್ಲೇ 5 ಎಂಎಲ್‌ಗೆ 228.5 ಎಂಜಿದೂ ಇದೆ, 457 ಎಂಜಿದೂ ಇದೆ, ಡಬ್ಬ ನೋಡೋಕೆ ಅಣ್ಣ-ತಮ್ಮ. ಡಾಕ್ಟ್ರು 228ಕ್ಕೆ ಲೆಕ್ಕ ಹಾಕಿ 5 ಎಂಎಲ್ ಬರೆದಿರ್ತಾರೆ, ಸ್ಟಾಕ್ ಇಲ್ಲ ಅಂತ ಅಂಗಡಿಯವ್ರು 457 ಕೊಟ್ರೆ ಮಗುಗೆ ಪ್ರತಿ ಸಲ ಡಬಲ್ ಹೋಗುತ್ತೆ. ಬೇರೆ ಕಂಪನಿದು ಕೊಡ್ತೀನಿ ಅಂದ್ರೆ ತಗೊಳ್ಳಿ ತಪ್ಪಿಲ್ಲ, ಆದ್ರೆ ನಂಬರ್ ಅದೇ ಇರಬೇಕು, ಇಲ್ಲಾಂದ್ರೆ ಡಾಕ್ಟ್ರಿಗೆ ಒಂದು ಫೋನ್ ಮಾಡಿಸಿ. ಮಕ್ಕಳ ಡೋಸ್ ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಅದಕ್ಕೇ ಅಕ್ಕನ ಮಗಂದು ಉಳಿದಿದೆ ಅಂತ ನಿಮ್ ಮಗುಗೆ ಹಾಕಬೇಡಿ.

ಬಾಟಲಿ ಎಷ್ಟು ಬೇಕು ಅಂತನೂ ಅಲ್ಲೇ ಲೆಕ್ಕ ಹಾಕಿ. ದಿನಕ್ಕೆರಡು ಸಲ 5 ಎಂಎಲ್, 7 ದಿನ ಅಂದ್ರೆ 70 ಎಂಎಲ್, 30 ಎಂಎಲ್ ಬಾಟಲಿ ಮೂರು ಬೇಕು. ಒಂದೇ ತಗೊಂಡು ಹೋಗಿ ಮೂರನೇ ದಿನ ಖಾಲಿಯಾದ್ಮೇಲೆ "ಜ್ವರ ಬಿಟ್ಟಿದೆ, ಸಾಕು ಬಿಡು" ಅಂತ ನಿಲ್ಸೋರೇ ಜಾಸ್ತಿ. ಮೂರೂ ಬಾಟಲಿ ಒಟ್ಟಿಗೆ ಕಲಸಿಡೋ ಉತ್ಸಾಹವೂ ಬೇಡ, ಒಂದು ಮುಗಿದ್ಮೇಲೆ ಇನ್ನೊಂದು.

2. ನೀರು ಹಾಕೋದು

ಇಲ್ಲಿ ಸ್ವಲ್ಪ ಸಮಾಧಾನವಾಗಿ ಓದಿ.

ಮುಚ್ಚಳ ತೆಗೆಯೋಕೆ ಮುಂಚೆ ಬಾಟಲಿನ ಅಂಗೈಗೆ ತಟ್ಟಿ, ತಲೆಕೆಳಗೆ ಮಾಡಿ ಅಲ್ಲಾಡಿಸಿ. ಪೌಡರ್ ತಳದ ಮೂಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ, ಅದು ಸಡಿಲ ಆಗಿ ಪುಡಿಪುಡಿಯಾಗಿ ಓಡಾಡಬೇಕು. ಈ ಒಂದು ಕೆಲಸ ಯಾರೂ ಮಾಡಲ್ಲ. ನೇರ ನೀರು ಸುರೀತಾರೆ, ಆಮೇಲೆ ಕುದಿಯೋ ನೀರಿಗೆ ರಾಗಿ ಹಿಟ್ಟು ಒಟ್ಟಿಗೆ ಸುರಿದಂಗೆ ಗಂಟು ಕಟ್ಟುತ್ತೆ, ಆ ಗಂಟು ತಳ ಬಿಡೋದೇ ಇಲ್ಲ.

ನೀರು ಯಾವ್ದು? ಡಬ್ಬದೊಳಗೆ ಸಣ್ಣ ಪ್ಲಾಸ್ಟಿಕ್ ಆಂಪೂಲ್‌ನಲ್ಲಿ ಸ್ಟೆರೈಲ್ ವಾಟರ್ ಕೊಟ್ಟಿದ್ರೆ ಅದೇ. ಎಷ್ಟೋ ಜನ ಅದನ್ನ ಏನೋ ಬೇರೆ ಔಷಧಿ ಅಂದ್ಕೊಂಡು ಡಬ್ಬದಲ್ಲೇ ಬಿಟ್ಟು ಎಸೀತಾರೆ. ಇಲ್ಲದಿದ್ರೆ ಕುದಿಸಿ ಪೂರ್ತಿ ತಣ್ಣಗಾದ ನೀರು. ಬಿಸಿ ನೀರಲ್ಲಿ ಬೇಗ ಕರಗುತ್ತೆ ಅಂತ ಬಿಸಿ ಹಾಕಿದ್ರೆ ಔಷಧಿ ಸತ್ವನೇ ಕೆಡುತ್ತೆ. ಹಾಲು, ಜ್ಯೂಸ್ ಅಂತೂ ಕೇಳಲೇಬೇಡಿ.

ಈಗ ಗೆರೆ. ಲೇಬಲ್ ಮೇಲೆ ಬಾಣದ ಗುರುತಿರುತ್ತೆ, ಇಲ್ಲಾ ಬಾಟಲಿ ಮೇಲೇ ಉಬ್ಬಿದ ಗೆರೆ ಇರುತ್ತೆ, ಲೈಟಿಗೆ ಹಿಡಿದು ಮೊದ್ಲೇ ಹುಡುಕಿಟ್ಕೊಳ್ಳಿ. ನೀರನ್ನ ಒಂದೇ ಸಲ ಗೆರೆ ತನಕ ಹಾಕಬೇಡಿ, ಅರ್ಧದಷ್ಟು ಹಾಕಿ, ಮುಚ್ಚಳ ಬಿಗಿ ಮಾಡಿ, ಒಂದು ನಿಮಿಷ ಜೋರಾಗಿ ಕುಲುಕಿ, ಬಾಟಲಿ ಬೋರಲು ಹಾಕಿ ತಳ ನೋಡಿ, ಪುಡಿ ಅಂಟಿದ್ರೆ ಮತ್ತೆ ಕುಲುಕಿ. ಆಮೇಲೆ ಟೇಬಲ್ ಮೇಲಿಟ್ಟು ನೊರೆ ಇಳಿಯೋ ತನಕ ಸುಮ್ನೆ ಬಿಡಿ. ಸುಮಾರು ಜನ ಕೆಡಿಸ್ಕೊಳ್ಳೋದು ಇಲ್ಲೇ: ನೊರೆ ಗೆರೆ ಮುಟ್ಟಿರುತ್ತೆ, ಸಾಕು ಅಂದ್ಕೋತಾರೆ, ನೊರೆ ಇಳಿದ್ಮೇಲೆ ನೋಡಿದ್ರೆ ಔಷಧಿ ಗೆರೆಗಿಂತ ಎಷ್ಟೋ ಕೆಳಗೆ, ಅಂದ್ರೆ ಗಟ್ಟಿ, ಅಂದ್ರೆ ಪ್ರತಿ 5 ಎಂಎಲ್‌ನಲ್ಲೂ ಜಾಸ್ತಿ ಔಷಧಿ. ನೊರೆ ಇಳಿದ್ಮೇಲೆ ಬಾಟಲಿ ಸಮತಟ್ಟಾಗಿಟ್ಟು, ನೀವು ಬಗ್ಗಿ ಕಣ್ಣನ್ನ ಗೆರೆಯ ಮಟ್ಟಕ್ಕೆ ತಂದು, ಉಳಿದ ನೀರು ಸ್ವಲ್ಪ ಸ್ವಲ್ಪ ಹಾಕಿ ಗೆರೆಗೆ ಸರಿಯಾಗಿ ನಿಲ್ಸಿ. ಮತ್ತೆ ಕುಲುಕಿ. ಕೆಲವು ಕಂಪನಿಯವ್ರು ಕೊಟ್ಟ ನೀರು ಪೂರ್ತಿ ಹಾಕಿ ಅಂತ ಬರೆದಿರ್ತಾರೆ, ಅಂಥದ್ರಲ್ಲಿ ಲೇಬಲ್ ಹೇಳಿದಂಗೆ ಮಾಡಿ.

ಗೆರೆ ದಾಟಿದ್ರೆ ಏನಾಗುತ್ತೆ ಅಂತ ಕೇಳೋರಿಗೆ ಲೆಕ್ಕ: 30 ಎಂಎಲ್‌ನ 228.5 ಬಾಟಲಿಗೆ ನೀರು ಹೆಚ್ಚಾಗಿ 36 ಎಂಎಲ್ ಆಗೋಯ್ತು ಅಂದ್ಕೊಳ್ಳಿ, ಆಗ 5 ಎಂಎಲ್‌ನಲ್ಲಿ ಇರೋದು ಸುಮಾರು 190 ಎಂಜಿ ಮಾತ್ರ. ಕೋರ್ಸ್ ಪೂರ್ತಿ ಕಮ್ಮಿ ಡೋಸ್. ದಾಟಿದ್ನ ಸರಿ ಮಾಡೋಕೆ ಮೇಲಿಂದ ಸ್ವಲ್ಪ ಚೆಲ್ಲೋದು ಪರಿಹಾರ ಅಲ್ಲ, ನೀರಿನ ಜೊತೆ ಔಷಧಿನೂ ಹೋಗುತ್ತೆ. ಹೊಸ ಬಾಟಲಿ ತಗೊಳ್ಳಿ.

ಧೈರ್ಯ ಇಲ್ಲ ಅಂದ್ರೆ ಅಂಗಡಿಯಲ್ಲೇ "ಕಲಸಿ ಕೊಡಿ" ಅಂತ ಕೇಳಿ, ಅದು ನಮ್ ಕೆಲಸನೇ, ಸಂಕೋಚ ಯಾಕೆ. ಆದ್ರೆ ರಶ್ ಇದ್ದಾಗ ಬಿಸ್ಲೇರಿ ಬಾಟಲಿಯಿಂದ ಗಬಗಬ ಸುರಿದು ಕೊಡೋ ಹುಡುಗ್ರೂ ಇದಾರೆ, ಎದುರಿಗೆ ನಿಂತು ಗೆರೆ ನೋಡ್ಕೊಂಡೇ ತಗೊಳ್ಳಿ. ಕಲಸಿದ ತಾರೀಖು ಪೆನ್ನಲ್ಲಿ ಲೇಬಲ್ ಮೇಲೆ ಬರೀರಿ.

3. ಇಡೋದು

ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕಲಸಿದ್ಮೇಲೆ ಫ್ರಿಡ್ಜಲ್ಲೇ ಇರಬೇಕು, ಫ್ರೀಜರಲ್ಲಲ್ಲ, ಸಾಮಾನ್ಯವಾಗಿ ಏಳು ದಿನದಲ್ಲಿ ಮುಗಿಸ್ಬೇಕು. ಅದರಲ್ಲಿರೋ ಕ್ಲಾವುಲನೇಟ್‌ಗೆ ನೀರು-ಬಿಸಿ ಎರಡೂ ಆಗಲ್ಲ. ಬಿಳಿ ಇದ್ದದ್ದು ಕಂದು ಬಣ್ಣಕ್ಕೆ ತಿರುಗಿದ್ರೆ ಎಸೀರಿ. ಎಲ್ಲಾ ಆಂಟಿಬಯಾಟಿಕ್ಕಿಗೂ ಫ್ರಿಡ್ಜ್ ಬೇಕಿಲ್ಲ, ಡಬ್ಬದ ಮೇಲೆ ಬರೆದಿರುತ್ತೆ. ಮನೇಲಿ ಫ್ರಿಡ್ಜ್ ಇಲ್ಲ, ಇಲ್ಲಾ ಕರೆಂಟ್ ದಿನಾ ಗಂಟೆಗಟ್ಲೆ ಹೋಗುತ್ತೆ ಅಂದ್ರೆ ಅದನ್ನ ಡಾಕ್ಟ್ರ ಹತ್ರ ಚೀಟಿ ಬರೆಯೋವಾಗ್ಲೇ ಹೇಳ್ಬಿಡಿ, ಬೇರೆದು ಬರೆಯೋಕಾಗುತ್ತಾ ನೋಡ್ತಾರೆ.

4. ಅಳೆಯೋದು

ಪ್ರತಿ ಸಲ ಕುಲುಕಿ, ಆಮೇಲೆ ಅಳೀರಿ. ಕುಲುಕದೆ ಕೊಟ್ರೆ ಮೊದಲೆರಡು ದಿನ ಬರೀ ತಿಳಿ ನೀರು, ಕೊನೇ ದಿನ ತಳದ ಗಷ್ಟು.

ಅಡುಗೆಮನೆ ಚಮಚ ಬೇಡವೇ ಬೇಡ, ಒಂದೊಂದ್ ಮನೇದು ಒಂದೊಂದ್ ಅಳತೆ. ಬಾಟಲಿ ಜೊತೆ ಬರೋ ಪ್ಲಾಸ್ಟಿಕ್ ಕಪ್ಪೂ ನನಗೆ ಇಷ್ಟ ಇಲ್ಲ, 2.5 ಎಂಎಲ್ ಅದರಲ್ಲಿ ನೆಟ್ಟಗೆ ಕಾಣೋದೇ ಇಲ್ಲ, ಅರ್ಧ ಗೋಡೆಗೆ ಅಂಟುತ್ತೆ. ಕೆಲವೇ ರೂಪಾಯಿಗೆ 5 ಎಂಎಲ್ ಸಿರಿಂಜ್ ಸಿಗುತ್ತೆ, ಸೂಜಿ ಅಂಗಡಿಯಲ್ಲೇ ಬಿಟ್ಟು ಬನ್ನಿ, ಮುಂದಿನ ಸಣ್ಣ ಕ್ಯಾಪೂ ಎಸೆದುಬಿಡಿ, ಮಗು ಬಾಯಿಗೆ ಅದು ಹೋದ್ರೆ ಕಷ್ಟ. ಪ್ಯಾರಾಸಿಟಮಾಲ್ ಡ್ರಾಪ್ಸ್ ಜೊತೆ ಬಂದ ಡ್ರಾಪರ್ ಆ ಡ್ರಾಪ್ಸಿಗೆ ಮಾತ್ರ, ಇದಕ್ಕೆ ಹಾಕಬೇಡಿ. ಗುಳ್ಳೆ ಬಂದ್ರೆ ಸಿರಿಂಜ್ ನೆಟ್ಟಗೆ ಹಿಡಿದು ತಟ್ಟಿ ಹೊರಗೆ ತಳ್ಳಿ ಮತ್ತೆ ಅಳೀರಿ.

5. ಕುಡಿಸೋದು

ಮಗುನ ತೊಡೆ ಮೇಲೆ ಕೂರಿಸ್ಕೊಂಡು ತಲೆ ಎತ್ತರಕ್ಕಿಟ್ಟು, ಸಿರಿಂಜ್ ತುದಿ ಕೆನ್ನೆ ಒಳಗೋಡೆ ಕಡೆ ಇಟ್ಟು, ಸ್ವಲ್ಪ ಬಿಡಿ, ನುಂಗೋಕೆ ಕಾಯಿರಿ, ಮತ್ತೆ ಸ್ವಲ್ಪ. ಗಂಟಲಿಗೆ ನೇರ ಚಿಮ್ಮಿಸ್ಬೇಡಿ. ಅಜ್ಜಿಯಂದಿರು ಕೈಕಾಲು ಹಿಡಿದು ಮಲಗಿಸಿ, ಮೂಗು ಮುಚ್ಚಿ, ಅಳೋ ಮಗು ಬಾಯಿಗೆ ಒಳಲೆಯಲ್ಲಿ ಸುರೀತಾರಲ್ಲ, ಅದು ಶ್ವಾಸನಾಳಕ್ಕೆ ಹೋಗೋ ದಾರಿ. ಅಜ್ಜಿ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಇದೊಂದರಲ್ಲಿ ಬಿಟ್ಟುಕೊಡಬೇಡಿ.

ಹಾಲಿನ ಬಾಟಲಿಗೆ ಬೆರೆಸಬೇಡಿ, ಅರ್ಧ ಕುಡಿದು ಬಿಟ್ರೆ ಎಷ್ಟು ಔಷಧಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಒಂದು ವರ್ಷದೊಳಗಿನ ಮಗುಗೆ ಜೇನುತುಪ್ಪದಲ್ಲಿ ಕಲಸೋದು ನಿಷಿದ್ಧ, ಬೊಟುಲಿಸಂ ಅನ್ನೋ ಗಂಭೀರ ಕಾಯಿಲೆ ಅಪಾಯ ಇದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಊಟ ಶುರು ಮಾಡೋವಾಗ ಕೊಟ್ರೆ ಹೊಟ್ಟೆ ತೊಳಸೋದು ಕಮ್ಮಿ.

ಚೀಟಿಯಲ್ಲಿ 1-0-1 ಅಂದ್ರೆ ಬೆಳಿಗ್ಗೆ-ರಾತ್ರಿ, ಹೆಚ್ಚುಕಮ್ಮಿ 12 ಗಂಟೆ ಅಂತರ. ಮರೆತ್ರೆ ನೆನಪಾದ ತಕ್ಷಣ ಕೊಡಿ, ಮುಂದಿನ ಡೋಸ್ ಹತ್ರ ಬಂದಿದ್ರೆ ಬಿಟ್ಟುಬಿಡಿ, ಎರಡು ಸೇರಿಸಿ ಮಾತ್ರ ಕೊಡಬೇಡಿ. ಅರ್ಧ ಗಂಟೆಯೊಳಗೆ ಪೂರ್ತಿ ವಾಂತಿ ಆದ್ರೆ ಸಾಮಾನ್ಯವಾಗಿ ಅದೇ ಡೋಸ್ ಇನ್ನೊಂದ್ಸಲ ಕೊಡಬಹುದು, ಅದನ್ನೂ ಕಕ್ಕಿದ್ರೆ ಮೂರನೇ ಸಲ ಬೇಡ, ಡಾಕ್ಟ್ರಿಗೆ ಫೋನ್ ಮಾಡಿ.

6. ಗಾಬರಿ ಯಾವಾಗ

ಸ್ವಲ್ಪ ಭೇದಿ ಆಗೋದು ಮಾಮೂಲು, ಓಆರ್‌ಎಸ್ ಕೊಡ್ತಾ ಇರಿ, ನಿಲ್ಸಬೇಡಿ. ರಕ್ತ ಬಂದ್ರೆ, ಮಗು ಮಂಕಾದ್ರೆ, ಮೂತ್ರ ಕಮ್ಮಿ ಆದ್ರೆ ತೋರಿಸಿ. ಮೈಮೇಲೆ ದದ್ದು ಎದ್ರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟ್ರನ್ನ ಕೇಳಿ. ತುಟಿ-ಮುಖ ಊದಿದ್ರೆ, ಉಸಿರಿಗೆ ಕಷ್ಟ ಆದ್ರೆ ಕೇಳೋಕೆ ಟೈಮಿಲ್ಲ, ನೇರ ಆಸ್ಪತ್ರೆ ಇಲ್ಲಾ 108, ಬಾಟಲಿನೂ ಜೊತೆಗೆ ತಗೊಂಡು ಹೋಗಿ.

7. ಉಳಿದದ್ದು

ಕೋರ್ಸ್ ಡಾಕ್ಟ್ರು ಹೇಳಿದಷ್ಟು ದಿನ, ಜ್ವರ ಬಿಟ್ಟಷ್ಟು ದಿನ ಅಲ್ಲ. ಆಮೇಲೆ ತಳದಲ್ಲಿ ಉಳಿದದ್ದನ್ನ ಮುಂದಿನ ನೆಗಡಿಗೆ ಅಂತ ಇಡಬೇಡಿ, ನೆಗಡಿ ತರೋದು ವೈರಸ್ಸು, ಅದಕ್ಕೆ ಇದು ತಾಗೋದೇ ಇಲ್ಲ, ಅಷ್ಟೊತ್ತಿಗೆ ಬಾಟಲಿಲಿ ಇರೋದು ಕೆಟ್ಟ ಔಷಧಿ ಬೇರೆ. ಸೋಸಿದ ಟೀ ಚರಟದ ಜೊತೆ ಕವರಿಗೆ ಸುರಿದು, ಗಂಟು ಹಾಕಿ ಕಸಕ್ಕೆ ಹಾಕಿ. ಸೀಲ್ ಒಡೆಯದ ಪೌಡರ್ ಬಾಟಲಿ ಉಳಿದ್ರೆ ಬಿಲ್ ಸಮೇತ ತನ್ನಿ, ಸುಮಾರು ಅಂಗಡಿಯವ್ರು ವಾಪಸ್ ತಗೋತಾರೆ. ಖಾಲಿ ಬಾಟಲಿ ತೊಳೆದು ಅದರಲ್ಲಿ ಎಣ್ಣೆನೋ ಫಿನಾಯಿಲ್ಲೋ ತುಂಬಿಡೋ ಅಭ್ಯಾಸ ಇದ್ರೆ ಬಿಡಿ, ಆ ಲೇಬಲ್ ನೋಡಿ ಮಗು ಅದನ್ನ ತನ್ನ ಸಿಹಿ ಔಷಧಿ ಅಂದ್ಕೊಳ್ಳುತ್ತೆ.