ಕನ್ನಡಿಯಂಥ ತಗಡಿನಿಂದ ಮುಖ ಹೊರತೆಗೆದ ಬಗೆ

ಡಾಗೆರಿಯೊಟೈಪ್ ಅಂದರೆ ಬೆಳ್ಳಿ ಲೇಪದ ತಗಡಿನ ಮೇಲೆ ಮೂಡಿಸಿದ ಹಳೆಯ ಕಾಲದ ಫೋಟೋ. ಅದರ ಪ್ರತಿ ತೆಗೆಯಲು ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು ಎಂದವರು ಕೆಲವರು, ಪ್ರತಿಫಲನ ತಡೆಯುವ ಪೋಲರೈಸರ್ ಬೇಕೇಬೇಕು ಎಂದವರು ಹಲವರು. ಎರಡನ್ನೂ ಮಾಡಿ ನೋಡಿದೆ. ತಗಡು ತನ್ನ ಮೇಲೆ ಮುಚ್ಚಿದ ರಕ್ಷಣೆಯ ಗಾಜಿನಿಂದ ಎರಡು ಮೂರು ಮಿಲಿಮೀಟರ್ ಒಳಗಿರುವುದರಿಂದ ಸ್ಕ್ಯಾನ್ ಮಸುಕಾಯಿತು. ಪೋಲರೈಸರ್ ಹಾಳೆ, ಫಿಲ್ಟರ್‌ಗೆ ಸುಮಾರು 180 ಡಾಲರ್ ಸುರಿದೆ. ಪ್ರತಿಫಲನದ ಜೊತೆಗೆ ಮುಖದ ಬೆಳಕೂ ಸತ್ತಿತು. ಕೊನೆಗೆ ಗೆದ್ದದ್ದು 15 ಡಾಲರ್‌ನ ಕಪ್ಪು ಮಖಮಲ್ಲು.

ತಗಡಿನಲ್ಲಿ ಕಪ್ಪು ಬಿಟ್ಟು ಬೇರೇನೂ ಪ್ರತಿಫಲಿಸದಂತೆ ಎರಡಡಿ ಚದರದ ಹಲಗೆಗೆ ಮಖಮಲ್ಲು ಅಂಟಿಸಿ, ಲೆನ್ಸ್ ಇಣುಕುವಷ್ಟೇ ತೂತು ಕೊರೆದೆ. ಹತ್ತಿರದಿಂದ ಚಿತ್ರ ತೆಗೆಯುವ 100 ಎಂಎಂ ಮ್ಯಾಕ್ರೋ ಲೆನ್ಸ್, ಅದರ ಬೆಳಕಿನ ಕಿಂಡಿ ಎಫ್ 8ಕ್ಕೆ, ಕತ್ತಲ ಕೋಣೆ, ಮೈಮೇಲೆ ಕಪ್ಪು ಬಟ್ಟೆ. ತಗಡಿನಲ್ಲಿ ಲೆನ್ಸಿನ ಬಿಂಬ ನಟ್ಟನಡುವೆ ಕೂತರೆ ಕ್ಯಾಮೆರಾ ನೇರವಾಗಿದೆ ಎಂದರ್ಥ. ಆಟೋಫೋಕಸ್ ನಂಬಬೇಡಿ, ಅದು ಆ ಬಿಂಬಕ್ಕೇ ಹೋಗಿ ಕಚ್ಚಿಕೊಳ್ಳುತ್ತದೆ. ಕೊರಳಪಟ್ಟಿಯ ಲೇಸಿನ ಮೇಲೆ ಕೈಯಿಂದಲೇ ಫೋಕಸ್ ಮಾಡಿ.

ದೀಪಗಳು ಎಡಬಲದಲ್ಲಿ, ತಗ್ಗಾಗಿ ಇರಲಿ. ಆ ಕಾಲದವರು ಭಾವಚಿತ್ರದ ತಗಡನ್ನು ಕೊನೆಗೆ ಅಡ್ಡಡ್ಡ ಉಜ್ಜುತ್ತಿದ್ದರು. ಬೆಳಕು ಅದೇ ಗೆರೆಗಳ ಜಾಡಿನಲ್ಲಿ ಬಂದರೆ ಗೀರು ಕಾಣುವುದಿಲ್ಲ. ಮೇಲಿನಿಂದ ಬಂದರೆ ಮುಖದ ತುಂಬ ಗೀರು. ಎರಡು ದೀಪಗಳ ಪ್ರಮಾಣ, ಕೋನ ನನ್ನಲ್ಲೇ ಇರಲಿ, ಎರಡು ಸಂಜೆ ಕೂತರೆ ನಿಮಗೂ ಸಿಕ್ಕುತ್ತದೆ.

ಇಷ್ಟು ಹಟ ಯಾಕೆಂದರೆ, ಮೇರಿ ಲಿಯನ್ ಮ್ಯಾಸಚೂಸೆಟ್ಸ್‌ನ ಸೌತ್ ಹ್ಯಾಡ್ಲಿಯಲ್ಲಿ ಮೌಂಟ್ ಹೋಲಿಯೋಕ್ ಹೆಣ್ಣುಮಕ್ಕಳ ಸೆಮಿನರಿ (ವಿದ್ಯಾಸಂಸ್ಥೆ) ತೆರೆದದ್ದು 1837ರಲ್ಲಿ, ಡಾಗೆರಿಯೊಟೈಪ್ ಲೋಕಕ್ಕೆ ಗೊತ್ತಾಗುವ ಎರಡು ವರ್ಷ ಮುಂಚೆ. 1840ರ ದಶಕದಲ್ಲಿ ಅಲ್ಲಿ ಓದಿದವರ ಮುಖಗಳನ್ನು ಫೋಟೋದಲ್ಲಿ ಹುಡುಕುವವರಿಗೆ ಸಿಕ್ಕುವುದು ಇಂಥ ಅಂಗೈಯಗಲದ ತಗಡುಗಳೇ. 1847ರಲ್ಲಿ ಅಲ್ಲಿಗೆ ಸೇರಿದ ಕವಯಿತ್ರಿ ಎಮಿಲಿ ಡಿಕಿನ್ಸನ್‌ರ ಪ್ರಸಿದ್ಧ ಚಿತ್ರವೂ ಡಾಗೆರಿಯೊಟೈಪೇ: ಕೈಯಲ್ಲಿ ಪುಟ್ಟ ಹೂಗೊಂಚಲು, ಪಕ್ಕದ ಮೇಜಿನ ಮೇಲೆ ಪುಸ್ತಕ. ಇಂಥ ತಗಡುಗಳಲ್ಲಿ ಎಡಬಲ ಅದಲುಬದಲು, ಪುಸ್ತಕದ ಅಕ್ಷರ ಕಂಡರೆ ಉಲ್ಟಾ ಕಾಣುತ್ತದೆ. ಮೂಲ ಫೈಲನ್ನು ತಿರುಗಿಸಬೇಡಿ, ಪ್ರತಿಯನ್ನು ಮಾತ್ರ ತಿರುಗಿಸಿ. ಕಪ್ಪುಬಿಳುಪಿಗೂ ಇಳಿಸಬೇಡಿ, ಕೆನ್ನೆಗೆ ಹಚ್ಚಿದ ಕೆಂಪು ಪುಡಿ ಹೋಗಿಬಿಡುತ್ತದೆ.

ಮುಖದ ಮೇಲಿನ ಚುಕ್ಕೆ ತಗಡಿನದೋ ಗಾಜಿನದೋ? ದೀಪ ಸರಿಸಿ. ಗಾಜಿನದಾದರೆ ಅದರ ನೆರಳು ಜರುಗುತ್ತದೆ. ತಗಡಿನದಾದರೂ ಒರೆಸುವ ಮಾತೇ ಬೇಡ, ಹತ್ತಿ ಸೋಕಿದರೂ ಚಿತ್ರ ಅಳಿಸುತ್ತದೆ. ಹಿಂದೆ ಥಯೋಯೂರಿಯಾ ಎಂಬ ರಾಸಾಯನಿಕ ಹಾಕಿ ತೊಳೆದ ತಗಡುಗಳು ಹಾಳಾದದ್ದೇ ಹೆಚ್ಚು.

ನಡುವೆ ಕುತೂಹಲಕ್ಕೆ ಕಿರುತರಂಗದ ಯುವಿ (ಅತಿನೇರಳೆ) ದೀಪವನ್ನೂ ಹಿಡಿದೆ (ಕನ್ನಡಕ ಹಾಕಿ, ಗಾಜು ತೆಗೆದಿದ್ದ ತಗಡಿಗೆ ಮಾತ್ರ). ಹಿಂದೆ ಸೈನೈಡ್‌ನಿಂದ ತೊಳೆದ ತಗಡಾದರೆ ಅಂಚಿನಲ್ಲಿ ಹಸಿರು ಹೊಳಪು ಏಳುತ್ತದೆ. ಅದನ್ನು ಬೇರೆ ಫೈಲಾಗಿಯೇ ಉಳಿಸಿಟ್ಟೆ.