ಅಲೈನ್ಡ್ ಅಲಾಕ್‌ಗೆ ಟೆಸ್ಟ್ ಬರೆಯೋದು: ಸುಮ್ಮನೆ ಪಾಸ್ ಆಗೋ ಟೆಸ್ಟ್ ಬೇಡ

ಅಲೈನ್ಡ್ ಅಲಾಕ್ (aligned_alloc) ಅಂದ್ರೆ ಕೇಳಿದ ಅಲೈನ್‌ಮೆಂಟಿಗೆ ಸರಿಯಾಗಿ ಮೆಮೊರಿ ಕೊಡೋ ಸಿ ಫಂಕ್ಷನ್. ಅದಕ್ಕೆ ಟೆಸ್ಟ್ ಹೇಗೆ ಬರೆಯೋದು ಅಂತ ಪೊನ್ನಂಪೇಟೆ ಕಡೆ ಸಿ ಕಲಿಯೋ ಹುಡುಗ್ರು ಕೇಳ್ತಿರ್ತಾರೆ, ಅದಕ್ಕೇ ಬರಿತಿದೀನಿ. ಇದಕ್ಕೆ ನೆಟ್ ಬೇಡ, ಜಿಸಿಸಿ ಕಂಪೈಲರ್ ಇದ್ರೆ ಸಾಕು, ಕಕ್ಕಡ ಮಳೆಗೆ ಟವರ್ ಹೋಗಿ ಕೂತಿದ್ರೂ ಲ್ಯಾಪ್‌ಟಾಪ್ ಚಾರ್ಜ್ ಇರೋ ತನಕ ಮಾಡಬಹುದು.

ವಿಷಯ ಇಷ್ಟೇ. ಕಾಫಿ ಗಿಡ ನೆಡುವಾಗ ಹಗ್ಗ ಎಳೆದು ಗೂಟ ಹೊಡೆದ ಕಡೆನೇ ಗುಂಡಿ ತೆಗಿತಾರಲ್ಲ, ಹಂಗೆ 64 ಅಲೈನ್‌ಮೆಂಟ್ ಕೇಳಿದ್ರೆ ಅಡ್ರೆಸ್ 64ರ ಗುಣಕದಲ್ಲೇ ಶುರುವಾಗ್ಬೇಕು. ಅಡ್ರೆಸ್‌ನ ಇಂಟಿಜರ್ ಮಾಡಿ 63ರ ಜೊತೆ ಬಿಟ್‌ವೈಸ್ ಆಂಡ್ ಹಾಕಿ, ಸೊನ್ನೆ ಬಂದ್ರೆ ಸರಿ.

ಆದ್ರೆ 64-ಬಿಟ್ ಜಿಲಿಬ್‌ಸಿಲಿ (glibc, ಲಿನಕ್ಸ್‌ನ ಸಿ ಲೈಬ್ರರಿ) ಮಾಮೂಲಿ ಮ್ಯಾಲಾಕೇ 16ಕ್ಕೆ ಅಲೈನ್ ಮಾಡಿ ಕೊಡುತ್ತೆ, ಹಾಗಾಗಿ 8, 16 ಇಟ್ಟು ಟೆಸ್ಟ್ ಮಾಡಿದ್ರೆ ಏನೂ ಗೊತ್ತಾಗಲ್ಲ. 32ರಿಂದ ಶುರು ಮಾಡಿ, 64, 4096, ಆಮೇಲೆ 1 ಎಂಬಿ ತನಕ ಹೋಗಿ. ಒಂದು ಸಲ ಕೇಳಿ ತಕ್ಷಣ ಫ್ರೀ ಮಾಡಿದ್ರೂ ಪ್ರಯೋಜನ ಇಲ್ಲ, ಅದೃಷ್ಟಕ್ಕೆ ಸರಿಯಾದ ಜಾಗ ಸಿಕ್ಕಿರುತ್ತೆ. ನಡುನಡುವೆ ಚಿಕ್ಕ ಮ್ಯಾಲಾಕ್ ಮಾಡಿ ಹೀಪ್ (ಮ್ಯಾಲಾಕ್ ಜಾಗ ಕೊಡೋ ಮೆಮೊರಿ) ಅಸ್ತವ್ಯಸ್ತ ಮಾಡಿ, ಬ್ಲಾಕ್‌ಗಳನ್ನ ಹಿಡಿದಿಟ್ಕೊಂಡು ಪ್ರತಿಯೊಂದಕ್ಕೂ ಬೇರೆ ಬೇರೆ ಬೈಟ್ ಪೂರ್ತಿ ತುಂಬಿ, ಕೊನೆಗೆ ಎಲ್ಲಾ ಓದಿ ನೋಡಿ, ಒಂದರ ಮೇಲೊಂದು ಬಿದ್ದಿದ್ರೆ ಆಗ ಸಿಕ್ಕಿಬೀಳುತ್ತೆ. ಫ್ರೀ ಮಾಡೋವಾಗ ಕ್ರಮ ತಪ್ಪಿಸಿ, ಮತ್ತೆ ಕೇಳಿ. ಅಲೈನ್ ಮಾಡೋವಾಗ ಹಿಂದೆ ಮುಂದೆ ಉಳಿದ ತುಂಡನ್ನ ಅಲೊಕೇಟರ್ (ಮೆಮೊರಿ ಹಂಚೋ ಕೋಡ್) ಫ್ರೀ ಲಿಸ್ಟ್‌ಗೆ, ಅಂದ್ರೆ ಖಾಲಿ ಜಾಗದ ಪಟ್ಟಿಗೆ, ಹಾಕುತ್ತಲ್ಲ, ಬಗ್ ಅಡಗೋದು ಜಾಸ್ತಿ ಅಲ್ಲೇ.

ಈಗ ನಿಜವಾದ ತಲೆನೋವು, ಕಂಪೈಲರ್. ಈ ಫಂಕ್ಷನ್ ಕೊಡೋ ಪಾಯಿಂಟರ್ ಅಲೈನ್ ಆಗೇ ಇರುತ್ತೆ ಅಂತ ಅದಕ್ಕೆ ಮೊದಲೇ ಗೊತ್ತು, ಆಪ್ಟಿಮೈಸೇಶನ್ ಆನ್ ಇದ್ರೆ ನಿಮ್ಮ ಚೆಕ್ಕನ್ನೇ ಕಿತ್ತು ಬಿಸಾಕಬಹುದು, ಟೆಸ್ಟ್ ಮಾತ್ರ ಹಸಿರು! ಅಡ್ರೆಸ್‌ನ ವೊಲಟೈಲ್ ವೇರಿಯಬಲ್‌ಗೆ (ಬೆಲೆ ಏನು ಅಂತ ಕಂಪೈಲರ್ ಊಹಿಸದ ಹಾಗೆ ತಡೆಯೋದು) ಹಾಕಿ ವಾಪಸ್ ಓದಿ, ಆಮೇಲೆ ಚೆಕ್ ಮಾಡಿ. ನಂಬಿಕೆ ಬರ್ಲಿಲ್ಲ ಅಂದ್ರೆ ಆ ಬೆಲೆಗೆ ಬೇಕಂತಲೇ 8 ಕೂಡಿಸಿ ನೋಡಿ, ಫೇಲ್ ಆಗ್ಲೇಬೇಕು.

ಫೇಲ್ ಆಗ್ಬೇಕಾದ ಕೇಸುಗಳನ್ನ ಜನ ಬಿಟ್ಟೇ ಬಿಡ್ತಾರೆ. ಅಲೈನ್‌ಮೆಂಟ್ 0, 3, 48 ಕೊಡಿ, ಎರಡರ ಘಾತ ಅಲ್ಲದ್ದಕ್ಕೆ ಜಿಲಿಬ್‌ಸಿ 2.38ರಿಂದ ನಲ್ ಬರುತ್ತೆ, ಎರ್‌ನೋದಲ್ಲಿ (ಎರರ್ ನಂಬರ್ ಇಡೋ ವೇರಿಯಬಲ್) ಇಐಎನ್‌ವಿಎಎಲ್ (EINVAL, ಕೊಟ್ಟ ಬೆಲೆ ತಪ್ಪು ಅಂತ) ಇರುತ್ತೆ, ಹಳೇ ವರ್ಷನ್ನು 48ನ್ನ ಸುಮ್ಮನೆ 64 ಮಾಡ್ಕೊಂಡು ಕೊಟ್ಬಿಡ್ತಿತ್ತು. ಸೈಜ್‌ನ ಮಿತಿಯ ಹತ್ತಿರ, ಅಂದ್ರೆ ಸೈಜ್ ಮ್ಯಾಕ್ಸ್‌ಗಿಂತ (SIZE_MAX, ಸೈಜ್ ಇರಬಹುದಾದ ಅತಿ ದೊಡ್ಡ ಬೆಲೆ) ಸ್ವಲ್ಪ ಕಮ್ಮಿ ಇಡಿ, ಒಳಗೆ ಅಲೈನ್‌ಮೆಂಟ್ ಕೂಡಿಸಿದಾಗ ಲೆಕ್ಕ ಮಿತಿ ದಾಟಿ ಮತ್ತೆ ಸೊನ್ನೆಯಿಂದ ಸುತ್ತಿ, ಚಿಕ್ಕ ಬ್ಲಾಕ್ ಸಿಕ್ಕಿಬಿಟ್ರೆ ಅದು ಸೆಕ್ಯೂರಿಟಿ ಬಗ್, ನಲ್ ಬರ್ಲೇಬೇಕು. ಸೈಜ್ ಅಲೈನ್‌ಮೆಂಟಿನ ಗುಣಕ ಆಗಿರ್ಬೇಕು ಅನ್ನೋದು ಸಿ ಭಾಷೆಯ ಸಿ11 ಸ್ಟ್ಯಾಂಡರ್ಡ್‌ನಲ್ಲಿತ್ತು, ಆಮೇಲೆ ತೆಗೆದ್ರು, ಅದಕ್ಕೆ 64 ಅಲೈನ್‌ಮೆಂಟ್‌ಲಿ 100 ಬೈಟ್ ಕೇಳಿದ್ರೆ ಫೇಲ್ ಆಗ್ಬೇಕು ಅಂತ ಬರೀಬೇಡಿ. ರೀಅಲಾಕ್ ಆದ್ಮೇಲೆ ಅಲೈನ್‌ಮೆಂಟ್ ಉಳಿಯುತ್ತೆ ಅಂತ ಯಾರೂ ಮಾತು ಕೊಟ್ಟಿಲ್ಲ, ಅದನ್ನೂ ಬಿಡಿ.

ಇದೇ ಕೆಲಸದ ಇನ್ನೊಂದು ಫಂಕ್ಷನ್ ಪೋಸಿಕ್ಸ್ ಮೆಮ್‌ಅಲೈನ್‌ಗೆ (posix_memalign) ಬೇರೆ ಟೆಸ್ಟ್ ಬೇಕು. ಅದು ಎರರನ್ನ ರಿಟರ್ನ್ ವ್ಯಾಲ್ಯೂಲೇ ಕೊಡುತ್ತೆ, ಎರ್‌ನೋ ನೋಡಬಾರ್ದು. ಅಲೈನ್‌ಮೆಂಟ್ ಪಾಯಿಂಟರ್ ಸೈಜಿನ ಗುಣಕ ಆಗಿರ್ಬೇಕು, 64-ಬಿಟ್‌ಲಿ 4 ಕೊಟ್ರೆ ಇಐಎನ್‌ವಿಎಎಲ್, 32-ಬಿಟ್‌ಲಿ ಅದೇ 4 ಪಾಸ್, ಹಾಗಾಗಿ ಟೆಸ್ಟ್‌ಲಿ ಅಂಕಿ ಬರೀದೆ ಪಾಯಿಂಟರ್‌ನ ಸೈಜ್‌ಆಫ್ (sizeof) ಹಾಕಿ.