ನಮ್ಮ ಚಿಕ್ಕ ಕೆರೇಲಿ ಎಷ್ಟು ಮೀನಿದೆ ಅಂತ ಗಾಳ ಹಿಡ್ಕೊಂಡೇ ಲೆಕ್ಕ ಹಾಕಿದ್ದು

ನಾನು ಗಾಳ ಹಾಕೋ ಕೆರೆ ದೊಡ್ಡದೇನಲ್ಲ, ಒಂದು ಸುತ್ತು ಬರೋಕೆ ಹತ್ತು ನಿಮಿಷ ಸಾಕು. ದಡದಲ್ಲಿ ಕೂತೋರೆಲ್ಲ ಒಂದೇ ಮಾತು, "ಮೊದಲಿನ ಹಾಗಿಲ್ಲ ಬಿಡಿ, ಮೀನೇ ಖಾಲಿ." ನಾನೂ ಅದನ್ನೇ ಹೇಳ್ಕೊಂಡು ತಿರುಗ್ತಿದ್ದೆ. ಆದ್ರೆ ಗಾಳಕ್ಕೆ ಬೆರಳುದ್ದದ ಜಿಲೇಬಿ ಮೀನು (ತಿಲಾಪಿಯಾ ಅಂತಾರಲ್ಲ ಅದು) ಮೇಲಿಂದ ಮೇಲೆ ಸಿಗ್ತಿರೋವಾಗ ಖಾಲಿ ಅನ್ನೋದು ಹೇಗೆ ಅಂತ ಒಂದಿನ ಡೌಟ್ ಬಂತು, ಅಲ್ಲಿಂದ ನೋಟ್‌ಬುಕ್ ಶುರುವಾಯ್ತು.

ಮೊದಲನೇ ಎರಡು ತಿಂಗಳು ಬರೆದಿದ್ದು ಪೂರ್ತಿ ವೇಸ್ಟ್. ಯಾಕಂದ್ರೆ ಮೀನು ಸಿಕ್ಕಿದ ದಿನ ಮಾತ್ರ ಬರೀತಿದ್ದೆ, ಬರಿಗೈಲಿ ಬಂದ ದಿನ ಬೇಜಾರಲ್ಲಿ ಪುಸ್ತಕ ತೆಗೀತಾನೇ ಇರ್ಲಿಲ್ಲ. ಆಮೇಲೆ ನಿಯಮ ಮಾಡ್ಕೊಂಡೆ, ಸಿಗಲಿ ಬಿಡಲಿ, ಗಾಳ ನೀರಲ್ಲಿದ್ದ ಗಂಟೆ ಬರೀಬೇಕು. ಮುಂದಿನ ಒಂದು ವರ್ಷಕ್ಕೆ 61 ಸಲ ಹೋಗಿದ್ದೆ, 190 ಗಂಟೆ, 410 ಜಿಲೇಬಿ. ಅಂದ್ರೆ ಗಂಟೆಗೆ 2ಕ್ಕಿಂತ ಸ್ವಲ್ಪ ಜಾಸ್ತಿ. ಅದ್ರಲ್ಲಿ 17 ಸಲ ಸೊನ್ನೆ, ಆ 17ನ್ನ ಬಿಟ್ಟು ಲೆಕ್ಕ ಹಾಕಿದ್ರೆ ಗಂಟೆಗೆ 3 ದಾಟ್ತಿತ್ತು, ನೋಡಿ ನಮಗೆ ನಾವೇ ಹೇಗೆ ಸುಳ್ಳು ಹೇಳ್ಕೋತೀವಿ.

ಗಂಟೆ ಲೆಕ್ಕದಿಂದ ಈ ವರ್ಷ ಹೋದ ವರ್ಷಕ್ಕಿಂತ ಹೇಗೆ ಅಂತ ಗೊತ್ತಾಗುತ್ತೆ, ಒಟ್ಟು ಎಷ್ಟಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಹಳೇ ವಿಧಾನ ಒಂದಿದೆ, ಡೆನ್ಮಾರ್ಕಿನ ಪೀಟರ್ಸನ್ ಅನ್ನೋ ಮೀನು ವಿಜ್ಞಾನಿ ಹೆಸರಲ್ಲಿ. ಹಿಡಿದ ಮೀನಿಗೆ ಗುರುತು ಮಾಡಿ ಬಿಡೋದು, ಅವು ಉಳಿದವುಗಳ ಜೊತೆ ಬೆರೆತ ಮೇಲೆ ಮತ್ತೆ ಹಿಡಿಯೋದು, ಅದ್ರಲ್ಲಿ ಗುರುತಿನವು ಎಷ್ಟು ಅಂತ ನೋಡೋದು. ಕೆರೆ ನೋಡ್ಕೊಳ್ಳೋರ ಹತ್ರ ಮೊದಲೇ ಕೇಳ್ಕೊಂಡು ನಾವು ನಾಲ್ಕು ಜನ ಎರಡು ವಾರಾಂತ್ಯ ಕೂತು 120 ಜಿಲೇಬಿಗೆ ಬಾಲದ ರೆಕ್ಕೆ ಮೇಲ್ತುದಿ ಚೂರೇ ಚೂರು ಕತ್ತರಿಸಿ ಬಿಟ್ವಿ (ಅದು ಮತ್ತೆ ಬೆಳೆಯುತ್ತೆ, ಹಾಗಾಗಿ ತಿಂಗಳುಗಟ್ಟಲೆ ಕಾಯಂಗಿಲ್ಲ). ಕೈ ಒದ್ದೆ ಮಾಡ್ಕೊಂಡೇ ಮುಟ್ಟಬೇಕು, ಒಣ ಕೈಯಲ್ಲಿ ಹಿಡಿದ್ರೆ ಮೈಮೇಲಿನ ಲೋಳೆ ಹೋಗಿ ಸೋಂಕು ಹತ್ತುತ್ತೆ. ಎರಡು ವಾರ ಬಿಟ್ಟು 90 ಹಿಡಿದ್ವಿ, ಗುರುತಿಂದು 4. ಸೂತ್ರ ಸುಲಭ, 120ನ್ನ 90ರಿಂದ ಗುಣಿಸಿ 4ರಿಂದ ಭಾಗಿಸಿದ್ರೆ 2700.

ನಾನು ಖುಷಿಯಾಗಿ ಎಲ್ರಿಗೂ 2700 ಅಂತ ಹೇಳಿದ್ದೇ ಹೇಳಿದ್ದು. ನಮ್ಮಲ್ಲೇ ಒಬ್ಬ ಸುಮ್ನೆ ಕೇಳ್ದ, "ಆ ನಾಕರಲ್ಲಿ ಒಂದು ತಪ್ಪಿಸ್ಕೊಂಡಿದ್ರೆ ಎಷ್ಟಾಗ್ತಿತ್ತು ಗುರೂ?" ಲೆಕ್ಕ ಹಾಕಿದ್ರೆ 3600! ಒಂದು ಜಾಸ್ತಿ ಸಿಕ್ಕಿದ್ರೆ 2160. ಮರಳಿ ಸಿಕ್ಕೋ ಮೀನು ಕಮ್ಮಿ ಇದ್ದಾಗ ಬಳಸೋ ಚಾಪ್‌ಮನ್ ತಿದ್ದುಪಡಿ ಅಂತ ಇದೆ, ಮೂರೂ ಅಂಕಿಗೆ ಒಂದೊಂದು ಸೇರಿಸಿ ಲೆಕ್ಕ ಮಾಡಿ ಕೊನೇಲಿ ಒಂದು ಕಳೆಯೋದು, ಅದ್ರಲ್ಲಿ ಸುಮಾರು 2200 ಬಂತು. ಹೀಗಾಗಿ ಈಗ ಯಾರಾದ್ರೂ ಕೇಳಿದ್ರೆ ಎರಡು ಸಾವಿರದ ಮೇಲೆ ಅಂತೀನಿ, ಅಷ್ಟೇ.

ಇನ್ನೊಂದು ತಪ್ಪು ನಂದೇ. ಗುರುತು ಮಾಡಿದವನ್ನೆಲ್ಲ ತೂಬಿನ ಹತ್ರಾನೇ ಬಿಟ್ಟಿದ್ವಿ, ಎರಡನೇ ಸಲಾನೂ ಜಾಸ್ತಿ ಅಲ್ಲೇ ಗಾಳ ಹಾಕಿದ್ವಿ, ಮೀನು ಸರಿಯಾಗಿ ಬೆರೆತಿಲ್ಲ ಅಂದ್ರೆ ಗುರುತಿನವು ಜಾಸ್ತಿ ಸಿಕ್ಕಿ ಒಟ್ಟು ಸಂಖ್ಯೆ ಕಮ್ಮಿ ತೋರಿಸುತ್ತೆ. ಇದಕ್ಕೆ ಉಲ್ಟಾನೂ ಇದೆ, ಒಮ್ಮೆ ಕೊಕ್ಕೆ ಚುಚ್ಚಿಸ್ಕೊಂಡ ಮೀನು ಮತ್ತೆ ಕಚ್ಚೋಕೆ ಹೆದರುತ್ತೆ, ಆಗ ಜಾಸ್ತಿ ತೋರಿಸುತ್ತೆ. ಕೊಕ್ಕೆ ಬಾಯಿಗೇ ಹೋಗದಷ್ಟು ಚಿಕ್ಕ ಮರಿಗಳಂತೂ ಲೆಕ್ಕದಲ್ಲೇ ಇಲ್ಲ.

ನಿಜವಾಗಿ ಕಣ್ಣು ತೆರೆಸಿದ್ದು ಸಂಖ್ಯೆ ಅಲ್ಲ, ಉದ್ದ. ಒಂದು ಹಲಗೆಗೆ ಸ್ಕೇಲ್ ಅಂಟಿಸಿ ಪ್ರತಿ ಮೀನನ್ನೂ ಮೂತಿಯಿಂದ ಬಾಲದ ತುದಿವರೆಗೆ ಅಳೆದೆ. ಜಿಲೇಬಿ ಮುಕ್ಕಾಲು ಪಾಲು 10ರಿಂದ 13 ಸೆಂ.ಮೀ. ಒಳಗೇ ಗುಂಪು ಕಟ್ಟಿದ್ವು. ಇದು ಮರಿ ಅಂತ ಅಂದ್ಕೊಂಡಿದ್ದೆ, ಆದ್ರೆ ಅಷ್ಟುದ್ದದ ಹೆಣ್ಣಿನ ಬಾಯಲ್ಲೇ ಮೊಟ್ಟೆ ಇತ್ತು! ಜಿಲೇಬಿ ಬಾಯೊಳಗೆ ಮೊಟ್ಟೆ ಇಟ್ಕೊಂಡು ಕಾಯುತ್ತೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತೆ, ಮೇವು ಸಾಲದಷ್ಟು ಕಿಕ್ಕಿರಿದ್ರೆ ಬೆಳೆಯೋದು ಬಿಟ್ಟು ಚಿಕ್ಕದಿದ್ದಾಗಲೇ ಮೊಟ್ಟೆಗೆ ಬರುತ್ತೆ. ತೂಕಾನೂ ಅದನ್ನೇ ಹೇಳ್ತು. ಮಳೆಗಾಲ ಮುಗಿದಾಗ 12 ಸೆಂ.ಮೀ. ಮೀನು 32 ಗ್ರಾಂ ತೂಗ್ತಿತ್ತು, ಬೇಸಿಗೆ ಕೊನೇಲಿ ಅದೇ ಉದ್ದಕ್ಕೆ 26 ಗ್ರಾಂ. ತಲೆ ದಪ್ಪ, ಹೊಟ್ಟೆ ಒಳಗೆ. ಕೆರೆ ಖಾಲಿ ಅಲ್ಲ ಮಾರಾಯ್ರೆ, ತುಂಬಿ ತುಳುಕ್ತಿದೆ, ಅದೇ ತೊಂದರೆ.

ರೋಹುದು ಉಲ್ಟಾ ಕತೆ. ವರ್ಷಕ್ಕೆ ಸಿಕ್ಕಿದ್ದು 14, ಎಲ್ಲಾ 45ರಿಂದ 55 ಸೆಂ.ಮೀ. ಒಳಗೆ, ಒಂದೂ ಚಿಕ್ಕದಿಲ್ಲ. ಹಿಡಿದಾಗ ದೊಡ್ಡ ಮೀನು ಅಂತ ಖುಷಿ, ಅಳತೆ ಪಟ್ಟಿ ನೋಡಿದ್ರೆ ಭಯ. ರೋಹು, ಕಾಟ್ಲಾ ಇವು ಮಳೆಗಾಲದಲ್ಲಿ ಹರಿಯೋ ಹೊಳೆ ನೀರಲ್ಲಿ ಮೊಟ್ಟೆ ಇಡೋ ಜಾತಿ, ನಿಂತ ನೀರಲ್ಲಿ ತಾವಾಗೇ ಮರಿ ಮಾಡೋದು ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಯಾವಾಗ್ಲೋ ಒಂದ್ಸಲ ಬಿಟ್ಟ ಮರಿಗಳೇ ಇವು, ಇವು ಮುಗಿದ್ರೆ ಹೊಸದಾಗಿ ಬಿತ್ತನೆ ಮರಿ ಬಿಡೋವರೆಗೂ ರೋಹು ಆಸೆ ಬಿಡಬೇಕು.

ನೀರನ್ನೂ ನೋಡ್ತಿದ್ದೆ. 20 ಸೆಂ.ಮೀ. ತಟ್ಟೆಗೆ ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಳಿದು ಹಗ್ಗ ಕಟ್ಟಿ ಇಳಿಸೋದು, ಕಣ್ಣಿಗೆ ಕಾಣೆಯಾದ ಆಳ ಬರೆಯೋದು, ಸೆಕ್ಕಿ ತಟ್ಟೆ ಅಂತಾರೆ. ಮೀನು ಕೆರೆಗೆ 30ರಿಂದ 60 ಸೆಂ.ಮೀ. ಚೆನ್ನಾಗಿರುತ್ತೆ, ನಮ್ದು ಬೇಸಿಗೇಲಿ 20ಕ್ಕೆ ಇಳಿದಿತ್ತು, ಹಸಿರು ಗಂಜಿ ಥರ ಪಾಚಿ. ನೋಟ್‌ಬುಕ್ಕಿನ ಸೊನ್ನೆಗಳಲ್ಲಿ ಅರ್ಧ ಈ ದಿನಗಳವೇ, ಅದ್ರಲ್ಲೂ ಎರಡು ಮೂರು ದಿನ ಮೋಡ ಕವಿದಿದ್ದ ಬೆಳಗ್ಗೆ. ರಾತ್ರಿ ಪಾಚಿನೂ ಆಮ್ಲಜನಕ ತಗೊಳ್ಳುತ್ತೆ, ಸೂರ್ಯ ಹುಟ್ಟೋ ಹೊತ್ತಿಗೆ ನೀರಲ್ಲಿ ಅದು ತೀರಾ ಕಮ್ಮಿ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿರುತ್ತೆ. ಅಂಥ ದಿನ ಎಂಥಾ ಎರೆಹುಳು ಹಾಕಿದ್ರೂ ಬೆಂಡು ಅಲುಗಲ್ಲ. ಈಗ ಅಂಥ ಬೆಳಗ್ಗೆ ಮನೇಲೇ ಇರ್ತೀನಿ, ಬಿಸಿಲು ಬಂದ್ರೆ ಸಂಜೆ ಹೋಗ್ತೀನಿ.

ಇನ್ನು ಹಾವುತಲೆ ಮೀನು, ಮುರೆಲ್ ಅಂತಾರಲ್ಲ ಅದು. ವರ್ಷಕ್ಕೆ ಮೂರೇ ಸಿಕ್ಕಿದ್ದು. ಚಿಕ್ಕ ಜಿಲೇಬಿಗಳನ್ನ ತಿಂದು ಹದದಲ್ಲಿಡೋದು ಇದೇ, ನಾವೆಲ್ಲ ವರ್ಷಾನುಗಟ್ಟಲೆ ಹುಡುಕಿ ಹುಡುಕಿ ಹಿಡಿದಿದ್ದೂ ಇದನ್ನೇ. ನನ್ನ ಪ್ರಕಾರ ಚಿಕ್ಕ ಜಿಲೇಬಿನ ಪಾಪ ಅಂತ ವಾಪಸ್ ಬಿಡೋದು, ದೊಡ್ಡ ಮುರೆಲ್ ಜೊತೆ ಫೋಟೋ ತೆಗೆಸ್ಕೊಂಡು ಮನೆಗೆ ಒಯ್ಯೋದು, ಎರಡೂ ಉಲ್ಟಾ ಕೆಲಸ. ಈಗ ನಾವು ನಾಲ್ಕು ಜನ ಜಿಲೇಬಿ ಒಂದೂ ಬಿಡಲ್ಲ, ಮುರೆಲ್ ಒಂದೂ ಒಯ್ಯಲ್ಲ. ಗಾಳದಿಂದ ಜಿಲೇಬಿ ಸಂಖ್ಯೆ ಇಳಿಸೋದು ಕಷ್ಟ ಅಂತ ಗೊತ್ತು, ಹಾಗಾಗಿ ದೊಡ್ಡ ಜಿಲೇಬಿ ಬೇಕು ಅನ್ನೋರಿಗೆ ಇನ್ನೊಂದೆರಡು ವರ್ಷ ಈ ಕೆರೆ ಆಗಿಬರಲ್ಲ ಅಂತಾನೇ ಹೇಳ್ತೀನಿ, ಮಕ್ಕಳಿಗೆ ಗಾಳ ಕಲಿಸೋಕೆ ಮಾತ್ರ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಹೋದ ತಿಂಗಳು ಜೊಂಡಿನ ಮಗ್ಗುಲಲ್ಲಿ ಕೇಸರಿ ಬಣ್ಣದ ಮರಿಗಳ ಉಂಡೆ ನೀರ ಮೇಲೆ ಏಳ್ತಾ ಮುಳುಗ್ತಾ ಇತ್ತು, ಮುರೆಲ್ ಮರಿಗಳು, ಕೆಳಗೆ ಅಪ್ಪ ಅಮ್ಮ ಕಾವಲು. ಆ ಹೊತ್ತಲ್ಲಿ ಏನು ಹಾಕಿದ್ರೂ ಕೋಪಕ್ಕೇ ಬಂದು ಕಚ್ಚುತ್ತೆ, ಹಿಡಿಯೋದು ತುಂಬಾ ಸುಲಭ. ಗಾಳ ಸುತ್ಕೊಂಡು ಆಚೆ ದಡಕ್ಕೆ ಹೋದ್ವಿ.